ಕಷಾಯದಲ್ಲಿ ನಾನು ಬೆರೆಸಿದ ಗುಳಿಗೆ

ನಮ್ಮ ಮನೆಯವರ ರಕ್ತದಲ್ಲಿ ಕೊಲೆಸ್ಟ್ರಾಲ್ ಬಹಳ ಏರಿದೆ ಎಂದು ನಿಪ್ಪಾಣಿಯ ಡಾಕ್ಟರು ಹೇಳಿದಾಗ ಅವರಿಗಿಂತ ನಾನೇ ಹೆಚ್ಚು ಹೆದರಿದೆ. ಇವರ ಅಣ್ಣ ಕಬ್ಬಿಗೆ ನೀರು ಬಿಡಲು ಹೋದವರು ಎದೆ ಹಿಡಿದುಕೊಂಡು ಬದುವಿನ ಮೇಲೆ ಕುಳಿತರು, ಮತ್ತೆ ಏಳಲಿಲ್ಲ. ಅದು ನನ್ನ ಕಣ್ಣಮುಂದೆಯೇ ನಡೆದದ್ದು. ಡಾಕ್ಟರು ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ಇವರು ಹತ್ತು ದಿನ ನುಂಗಿ, ಉಳಿದದ್ದನ್ನು ಕಾಲುವೆಗೆ ಎಸೆದು ಬಂದರು.

"ಗುಳಿಗಿಗೆ ಒಮ್ಮಿ ಗಂಟ ಬಿದ್ರ ಸಾಯೂತನಾ ಬಿಡಾಂಗಿಲ್ಲ. ನಾ ಗಾಂವಟಿ ಗಿಡಮೂಲಿಕಿ ಔಷಧ ತಗೋತೀನಿ" ಅಂದರು.

ಕಾಗವಾಡದ ಕಡೆಯ ಕುರಿ ಕಾಯುವ ಅಜ್ಜನೊಬ್ಬ ಹೇಳಿದ್ದನಂತೆ: ಹೊಳೆಮತ್ತಿ ಮರದ ಚಕ್ಕೆ, ಮೆಂತ್ಯ, ನಾಲ್ಕು ಬೆಳ್ಳುಳ್ಳಿ ಎಸಳು, ಕುದಿಸಿ ಅರ್ಧಕ್ಕೆ ಇಳಿಸಿ ಬರಿಹೊಟ್ಟೆಯಲ್ಲಿ ಕುಡಿಯಬೇಕು. ಕುದಿಸುವ ಕೆಲಸ ನನ್ನದಾಯಿತು, ಅದನ್ನು ಬೇರೆ ಹೇಳಬೇಕೆ. ಇವರ ಜೊತೆ ವಾದಿಸಿ ಗೆದ್ದವರು ನಮ್ಮ ಮನೆಯಲ್ಲಿ ಎಮ್ಮೆಯೊಂದನ್ನು ಬಿಟ್ಟರೆ ಯಾರೂ ಇಲ್ಲ. ಹಾಗಾಗಿ ನಾನು ವಾದಕ್ಕೆ ಹೋಗಲಿಲ್ಲ. ಚಿಕ್ಕೋಡಿ ಸಂತೆಗೆ ಹೋದಾಗ ಡಾಕ್ಟರ ಚೀಟಿ ತೋರಿಸಿ ಅದೇ ಗುಳಿಗೆ ತಂದು ಶಾವಿಗೆ ಡಬ್ಬಿಯ ತಳದಲ್ಲಿಟ್ಟೆ. ದಿನಾ ಬೆಳಿಗ್ಗೆ ಕಷಾಯ ಸೋಸಿದ ಮೇಲೆ ಒಂದು ಗುಳಿಗೆ ಅರೆದು ಅದರಲ್ಲಿ ಕಲಸುತ್ತಿದ್ದೆ. ಚಕ್ಕೆಯ ಒಗರಿನಲ್ಲಿ ಇವರಿಗೆ ಏನೂ ತಿಳಿಯಲಿಲ್ಲ.

ಮೂರು ತಿಂಗಳಿಗೆ ರಕ್ತ ತಪಾಸಣೆ ಮಾಡಿಸಿದರೆ ಕೊಲೆಸ್ಟ್ರಾಲ್ ಚೆನ್ನಾಗಿ ಇಳಿದಿತ್ತು. "ಚಲೋ ಆತು, ಗುಳಿಗಿ ಹಿಂಗ ನಡಸ್ರಿ" ಎಂದರು ಡಾಕ್ಟರು. ಇವರು ಮೊಣಕೈಯಿಂದ ನನ್ನನ್ನು ತಿವಿದು ಒಳಗೊಳಗೇ ನಕ್ಕರು. ನಾನೂ ನಕ್ಕೆ. ನನ್ನ ನಗು ಬೇರೆ ಇತ್ತು. ಊರಿಗೆ ಬರುವ ಮೊದಲೇ ಆ ರಿಪೋರ್ಟಿಗೆ ಲ್ಯಾಮಿನೇಶನ್ ಮಾಡಿಸಿದರು. ಹಾಲಿನ ಡೇರಿಯ ಮುಂದೆ, ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಊಟದ ಸಾಲಿನಲ್ಲಿ, ಎಲ್ಲೆಂದರಲ್ಲಿ ಕೈಚೀಲದಿಂದ ತೆಗೆದು ತೋರಿಸುತ್ತಿದ್ದರು. ಕೇಳಿದವರಿಗೆಲ್ಲ ಚಕ್ಕೆ ಪುಕ್ಕಟೆ. ಗಂಡ ಆರಾಮಿದ್ದರೆ ಸಾಕು, ಹೆಸರು ಚಕ್ಕೆಗೆ ಬಂದರೆ ನನ್ನ ಗಂಟೇನು ಹೋಗುತ್ತದೆ ಎಂದುಕೊಂಡಿದ್ದೆ.

ಪಂಚಮಿಗೆ ತವರಿಗೆ ಹೋದೆ. ಬೋರಗಾಂವದಲ್ಲಿ ನನ್ನ ತಮ್ಮ ನಾಲ್ಕು ಮಗ್ಗ ಇಟ್ಟುಕೊಂಡಿದ್ದಾನೆ. ಎರಡು ವರ್ಷದ ಹಿಂದೆ ಕೊಲ್ಲಾಪುರದಲ್ಲಿ ಅವನ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದ್ದರು. ನನ್ನ ಚೀಲ ಇಸಿದುಕೊಂಡು ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಅವನಿಗೆ ಏದುಸಿರು ಬಂತು.

"ಗುಳಿಗಿ ಎಲ್ಲಾ ಬಿಟ್ಟಾರ್ರಿ ಅಕ್ಕಾರ," ಎಂದಳು ಅವನ ಹೆಂಡತಿ. "ನಿಮ್ಮ ಮನಿಯವರು ಕೊಟ್ಟ ಚಕ್ಕಿ ಒಂದ ಕುಡಿತಾರ."

ಅಷ್ಟು ಕೇಳಿದ್ದೇ ತಡ, ತಮ್ಮನನ್ನು ಮಗ್ಗದ ಮನೆಗೆ ಕರೆದುಕೊಂಡು ಹೋಗಿ, ಯಾರಿಗೂ ಹೇಳುವುದಿಲ್ಲ ಎಂದು ಅವ್ವನ ಆಣೆ ಹಾಕಿಸಿ, ಎಲ್ಲವನ್ನೂ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಬೈಯಲಿಲ್ಲ.

"ಅಕ್ಕಾ, ನೀ ದಾಜಿಗೆ ಎರಡೂ ಕುಡಿಸೀದಿ. ಯಾವುದರಿಂದ ಇಳೀತು ಅಂತ ಹ್ಯಾಂಗ ಹೇಳ್ತಿ?" ಎಂದ. ನಮ್ಮ ಮನೆಯವರನ್ನು ಅವನು ದಾಜಿ ಎಂದೇ ಕರೆಯುವುದು.

"ಗುಳಿಗಿಯಿಂದನ ಇಳದೈತಿ. ಡಾಕ್ಟರ್‌ಗೆ ಕೇಳೂನು ನಡಿ."

"ಡಾಕ್ಟರ್ ಅವರದ ಅವರು ಹೇಳ್ತಾರ. ನೀ ಮೂರ ತಿಂಗಳ ಗುಳಿಗಿ ಹಾಕಬ್ಯಾಡ, ಬರೇ ಚಕ್ಕಿ ಕುಡಸು. ದಾಜಿ ರಿಪೋರ್ಟ್ ಏರಿತಂದ್ರ ನಾ ಅವತ್ತ ಗುಳಿಗಿ ಚಾಲೂ ಮಾಡ್ತೀನಿ."

ಅವನು ತಮಾಷೆ ಮಾಡುತ್ತಿರಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಅವನು ನೀರು ತಂದುಕೊಟ್ಟ, ಮಾತು ಮಾತ್ರ ಬದಲಿಸಲಿಲ್ಲ.

ಬಸ್ಸಿನಲ್ಲಿ ಬರುವಾಗ ಇದನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಇವರಿಗೆ ನಿಜ ಹೇಳಿದರೆ ಮರುದಿನದಿಂದ ಕಷಾಯ ಇವರೇ ಕುದಿಸಿಕೊಳ್ಳುತ್ತಾರೆ, ಗುಳಿಗೆ ಹೊಟ್ಟೆಗೆ ಹೋಗುವ ದಾರಿಯೇ ಮುಚ್ಚುತ್ತದೆ. ಹೇಳದಿದ್ದರೆ ಇವರು ತಮ್ಮನಿಗೆ ಚಕ್ಕೆ ಕೊಡುತ್ತಲೇ ಇರುತ್ತಾರೆ, ಅವನ ಗತಿ ಏನು. ಅವನನ್ನು ಒಪ್ಪಿಸಬೇಕಾದರೆ ಇವರ ರಕ್ತ ಕೆಡುವುದನ್ನು ನಾನು ಕೂತು ಕಾಯಬೇಕು. ಬುದ್ಧಿವಂತೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆನಲ್ಲ, ಆ ಬುದ್ಧಿ ಈಗ ಎಲ್ಲಿಗೆ ಹೋಯಿತೋ.

ಮರುದಿನ ಬೆಳಿಗ್ಗೆ ಕಷಾಯ ಸೋಸಿ, ಗುಳಿಗೆಯನ್ನು ಅರೆಯುವ ಕಲ್ಲಿನ ಪಕ್ಕ ಇಟ್ಟು ಸುಮ್ಮನೆ ನಿಂತೆ. ಮೂರು ತಿಂಗಳು ತಾನೇ, ಒಂದು ದಿನ ಬಿಟ್ಟು ನೋಡೋಣ ಎಂದುಕೊಂಡೆ. ಅಷ್ಟರಲ್ಲಿ ಹಿತ್ತಲಿನಿಂದ ಇವರು ಕೆಮ್ಮಿದ್ದು ಕೇಳಿಸಿತು. ಬದುವಿನ ಮೇಲೆ ಕುಳಿತ ಭಾವನವರು ನೆನಪಾದರು. ಗಡಬಡಿಸಿ ಗುಳಿಗೆ ಅರೆದು ಕಲಸಿಬಿಟ್ಟೆ.

ಇವರು ಬಂದು ಗಟಗಟ ಕುಡಿದು, ಮೀಸೆ ಒರೆಸಿಕೊಂಡು, ಅಟ್ಟದ ಮೇಲಿನ ಚೀಲದಿಂದ ಚಕ್ಕೆಯ ದೊಡ್ಡದೊಂದು ಗಂಟು ತೆಗೆದರು.

"ನಿನ್ನ ತಮ್ಮಂದು ತೀರಿರಬೇಕು. ಬೋರಗಾಂವ ಬಸ್ಸಿಗೆ ಕೊಟ್ಟ ಕಳಸು" ಅಂದರು.

ಗುಳಿಗೆಯ ಬಿಳಿ ಪುಡಿ ಇನ್ನೂ ಅಂಟಿಕೊಂಡಿದ್ದ ಕೈಯಲ್ಲೇ ಆ ಗಂಟನ್ನು ಇಸಿದುಕೊಂಡೆ.