ಹನ್ನೊಂದು ಸಾಲಿನ ಜಗಳ

ಕಣ್ಣು ಹೋದ ಮೇಲೆ ತಾತನ ನಾಲಿಗೆ ಇನ್ನೂ ಹರಿತವಾಯಿತು. ನಲವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದ ಮನುಷ್ಯ. ಆಗ ಕಣ್ಣಿಗೆ ಬಿದ್ದ ತಪ್ಪನ್ನು ಬಿಡುತ್ತಿರಲಿಲ್ಲ, ಈಗ ಕಿವಿಗೆ ಬಿದ್ದದ್ದನ್ನೂ ಬಿಡುತ್ತಿರಲಿಲ್ಲ. ಪತ್ರಿಕೆ ಓದಿ ಹೇಳುವ ಒಂದು ಉಚಿತ ತಂತ್ರಾಂಶವನ್ನು ಮೊಮ್ಮಗಳು ಅವರಿಗಾಗಿ ಹಳೇ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಿದ್ದಳು. ‘ಕಿ.ಮೀ.’ ಬಂದಾಗಲೆಲ್ಲ ಅದು ‘ಕಿ’ ಅಂದು ಉಸಿರೆಳೆದುಕೊಂಡು, ‘ಮೀ’ ಅಂದು ಮತ್ತೆ ನಿಲ್ಲುತ್ತಿತ್ತು.

“ಕಿ ಅಂತೆ, ಮೀ ಅಂತೆ! ಯಾವ ಕತ್ತೆ ಕಣೇ ಇದನ್ನ ಮಾಡಿದ್ದು? ಕರಿ ಅವನನ್ನ!” ತಾತ ಮಂಚದ ಅಂಚು ಗುದ್ದಿದರು.

ಕರೆಯುವುದು ಎಲ್ಲಿಂದ? ಮಾಡಿದವರು ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿದ್ದರು, ಒಬ್ಬರ ಮುಖ ಒಬ್ಬರು ಕಂಡವರಲ್ಲ. ಆದರೆ ತಂತ್ರಾಂಶದ ಒಳಗಿನ ಕೋಡ್ ಎಲ್ಲರಿಗೂ ತೆರೆದಿತ್ತು. ಯಾರು ಬೇಕಾದರೂ ತಿದ್ದಿ ಕಳಿಸಬಹುದು, ಮೇಲ್ವಿಚಾರಕ ಒಪ್ಪಿದರೆ ಸೇರುತ್ತದೆ. ಮೊಮ್ಮಗಳು ಕಂಪ್ಯೂಟರ್ ಪದವಿಯ ಎರಡನೇ ವರ್ಷದವಳು. ಮೊಂಡುತನಕ್ಕೆ ತಾತ ಅವಳಿಗೆ ಇಟ್ಟ ಹೆಸರು ಕೊಂಬು. ಮೂರು ದಿನ ತಲೆ ಕೆರೆದುಕೊಂಡು, ಆ ಚುಕ್ಕಿಗಳಲ್ಲಿ ನಿಲ್ಲದಂತೆ ಹನ್ನೊಂದು ಸಾಲು ಬರೆದಳು. ಚೆಂದ ಕಾಣಲಿ ಅಂತ ಒಂದು ಗುಂಡಿ ಒತ್ತಿ ಇಡೀ ಕಡತದ ಸಾಲುಗಳನ್ನೆಲ್ಲ ಹೊಸದಾಗಿ ಜೋಡಿಸಿ ಕಳಿಸಿದಳು. ಎಡವಿದ್ದು ಅಲ್ಲೇ.

ಮೇಲ್ವಿಚಾರಕನ ಉತ್ತರ ಬಂದಾಗ ಅವಳು ಕಾಲೇಜಿನ ಲ್ಯಾಬಿನಲ್ಲಿದ್ದಳು. “ಹನ್ನೊಂದು ಸಾಲಿನ ಕೆಲಸಕ್ಕೆ ನಾನೂರು ಸಾಲು ಕಲಕಿದ್ದೀರಿ. ಸರಿಯಾಗಿ ಓದುತ್ತೆ ಅನ್ನೋದಕ್ಕೆ ಒಂದು ಪರೀಕ್ಷೆಯೂ ಇಲ್ಲ. ನಿಯಮ ಓದಿಲ್ಲ. ಕೈ ಪಳಗಿಸಿಕೊಳ್ಳೋಕೆ ಬೇರೆ ಜಾಗ ನೋಡಿಕೊಳ್ಳಿ.” ಕೆಳಗೆ ‘ತಿರಸ್ಕೃತ’ ಅನ್ನುವ ಕೆಂಪು ಗುರುತು.

ಪಕ್ಕದ ಕುರ್ಚಿಯ ಗೆಳತಿ ಇಣುಕಿ, “ಮಂಗಳಾರತಿ ಜೋರಾಗೇ ಆಯ್ತಲ್ಲೇ!” ಅಂದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕೊಂಬುವಿನ ಕಿವಿ ಸುಟ್ಟುಹೋಯಿತು. ಆವತ್ತೇ ಆ ಮೇಲ್ವಿಚಾರಕನಿಗೆ ಸಿಡುಕ ಅಂತ ಹೆಸರಿಟ್ಟಳು.

ಮನೆಗೆ ಬಂದವಳೇ ಒಂದೂವರೆ ಪುಟ ಬೈಗುಳ ಬರೆದು, ತಾತನ ಮುಂದೆ ಗಟ್ಟಿಯಾಗಿ ಓದಿದಳು. ತಾತ ಕೊನೆತನಕ ಕೇಳಿದರು.

“ಎರಡು ಕಡೆ ಕ್ರಿಯಾಪದ ಇಲ್ಲ. ಬೈಯೋದಾದ್ರೂ ನೆಟ್ಟಗೆ ಬೈ. ಅದಿರಲಿ, ಅವನು ಹೇಳಿದ್ರಲ್ಲಿ ಸುಳ್ಳು ಯಾವುದು?”

ಅವಳು ಸಿಡುಕನ ಉತ್ತರವನ್ನು ಮತ್ತೆ ತೆರೆದು ನೋಡಿದಳು.

“ಕೇಳ್ದೆ ನಿನ್ನ.”

“ಯಾವುದೂ ಇಲ್ಲ, ತಾತ. ಆದ್ರೆ ಹೇಳೋ ರೀತಿ...”

“ರೀತಿಗೆ ಆಮೇಲೆ ಬೆಂಕಿ ಹಾಕು. ಮೊದಲು ಕೆಲಸ ಸರಿ ಮಾಡು.”

ತಾತ ಹೇಳುತ್ತಾ ಹೋದರು, ಅವಳು ಬೆರಳಚ್ಚು ಮಾಡುತ್ತಾ ಹೋದಳು. ನೆನಪಿನಿಂದಲೇ ‘ಕಿ.ಮೀ.’ ಥರದ ಅರವತ್ತಮೂರು ಸಂಕ್ಷೇಪಗಳು, ಯಾವುದರ ಚುಕ್ಕಿ ವಾಕ್ಯದ ಕೊನೆಯದು, ಯಾವುದರದಲ್ಲ ಅನ್ನುವ ಲೆಕ್ಕದ ಸಮೇತ. ಅಡುಗೆಮನೆಯಿಂದ ಅಮ್ಮ, “ಕಾಲೇಜಿನ ಪರೀಕ್ಷೆ ತಲೆ ಮೇಲಿದೆ, ಇಬ್ಬರಿಗೂ ಹುಚ್ಚು” ಅಂದರು. ಒಂದೊಂದು ಸಂಕ್ಷೇಪಕ್ಕೂ ಸರಿಯಾಗಿ ಓದುತ್ತದೆಯೇ ಅಂತ ನೋಡುವ ಒಂದೊಂದು ಪರೀಕ್ಷೆ ಸೇರಿಸಿ, ಬೇಡದ ಒಂದು ಸಾಲನ್ನೂ ಮುಟ್ಟದೆ ಕಳಿಸಿದಳು.

ಐದು ವಾರ ಸೊಲ್ಲಿಲ್ಲ. ಆರನೇ ವಾರ ತಂತ್ರಾಂಶದ ಹೊಸ ಆವೃತ್ತಿ ಬಂತು. ಅದರಲ್ಲಿ ಅರವತ್ತಮೂರು ಸಂಕ್ಷೇಪಗಳೂ ಇದ್ದವು, ಅವಳು ಕಳಿಸಿದ ಕ್ರಮದಲ್ಲೇ. ಮಾಡಿದವರು ಅನ್ನುವ ಕಡೆ ಸಿಡುಕನ ಹೆಸರು ಮಾತ್ರ.

ಅವಳು ಆ ಹೆಸರನ್ನು ನಾಲ್ಕು ಸಲ ಓದಿದಳು. ಸಿಡುಕ ಬೈದಾಗ ಬಂದಿದ್ದು ನಾಚಿಕೆ. ಈಗ ಬಂದಿದ್ದು ಬೇರೆ. ಈ ಸಲ ತಾತನಿಗೆ ಓದಿ ಹೇಳಲಿಲ್ಲ, ಒಂದೂವರೆ ಪುಟವನ್ನೂ ಬರೆಯಲಿಲ್ಲ. ಎಲ್ಲರೂ ನೋಡುವ ಚರ್ಚೆಯ ಪುಟದಲ್ಲಿ ತಾನು ಕಳಿಸಿದ ದಿನಾಂಕ ಹಾಕಿ ಹೀಗೆ ಕೇಳಿದಳು:

“ನಲವತ್ತೊಂದನೆಯದು ‘ಕ.ತಿ.’ ಅಂದರೆ ಕಡೆಯ ತಿದ್ದುಪಡಿ. ಅದು ನಮ್ಮ ತಾತನ ಮುದ್ರಣಾಲಯದ ಒಳಗಿನ ಬಳಕೆ, ಯಾವ ಪತ್ರಿಕೆಯಲ್ಲೂ ಬರಲ್ಲ. ಅಭ್ಯಾಸಬಲದಿಂದ ಅವರು ಹೇಳಿದರು, ನಾನು ಹಾಕಿದೆ. ನಿಮಗೆ ಹೇಗೆ ಗೊತ್ತಾಯಿತು?”

ಅರ್ಧ ದಿನದ ಮೇಲೆ ಆ ತಂಡದ ಹಳಬನೊಬ್ಬ, “ನಾನೂ ಇದನ್ನೇ ಕೇಳ್ತೀನಿ” ಅಂತ ಬರೆದ. ಇನ್ನೊಬ್ಬಾಕೆ, “ಎರಡು ವರ್ಷದ ಹಿಂದೆ ನನ್ನದೂ ಹೀಗೇ ಹೋಯಿತು” ಅಂದಳು. ಸಾಯಂಕಾಲದ ಹೊತ್ತಿಗೆ ಸಿಡುಕನ ಒಂದೇ ಪದ ಬಂತು: “ಸರಿಪಡಿಸಲಾಗಿದೆ.” ಅವನ ಹೆಸರಿದ್ದಲ್ಲಿ ಈಗ ಎರಡು ಹೆಸರು, ಅವಳದು ಮತ್ತು ತಾತನದು. ಕ್ಷಮೆ ಕೇಳಲಿಲ್ಲ. ಅವಳೂ ಥ್ಯಾಂಕ್ಸ್ ಹೇಳಲಿಲ್ಲ.

“ಇನ್ನು ಅವನ ಸಹವಾಸ ಬಿಡ್ತೀಯಾ?” ಅಮ್ಮ ಕೇಳಿದರು.

“ನಾನ್ಯಾಕೆ ಬಿಡಲಿ? ಬೇಕಾದ್ರೆ ಅವನು ಬಿಡಲಿ.”

ಪರೀಕ್ಷೆ ಮುಗಿದ ವಾರ ಅವಳು ದಿನಾಂಕ ಓದುವ ಭಾಗವನ್ನು ತಿದ್ದಿ ಕಳಿಸಿದಳು. ಸಿಡುಕ ಮೂರು ತಕರಾರು ತೆಗೆದ, ಮೂರೂ ಮುಖಕ್ಕೆ ರಾಚುವಂತೆ. ಎರಡು ಸರಿಯಿದ್ದವು, ತಿದ್ದಿದಳು. ಮೂರನೆಯದರ ಕೆಳಗೆ “ಒಪ್ಪಲ್ಲ” ಅಂತ ಬರೆದು ಕಾರಣ ಕೊಟ್ಟಳು. ಮಾರನೇ ದಿನ ನೋಡಿದರೆ ಅವನು ಅದನ್ನು ಹಾಗೇ ಸೇರಿಸಿಕೊಂಡಿದ್ದ.