ಹೊಸ್ತಿಲು ಎತ್ತಿಟ್ಟ ಅಜ್ಜ

ಚೀನಾದ ಒಂದು ಸಣ್ಣ ಊರಿನ ಹಳೆಯ ಕುಲಮಂದಿರದ ಬಾಗಿಲಲ್ಲಿ ನಾವು ಮೂವರು ನಿಂತಿದ್ದೆವು: ನಾನು, ನನ್ನ ಚಿಕ್ಕಮ್ಮ ಅಂದರೆ ನಮ್ಮ ಕಾಕು, ಮತ್ತು ಜರ್ಮನಿಯ ಹ್ಯಾನೋವರಿನಲ್ಲಿ ನಮ್ಮ ನೆರೆಯವಳಾದ ಲಿನ್. ಊರಿನ ಕಲ್ಲಿನ ಸೇತುವೆ, ಬಿದಿರು ಬುಟ್ಟಿ ಹೆಣೆಯುವವರ ಓಣಿ ಎಲ್ಲ ಬೆಳಿಗ್ಗೆಯೇ ನೋಡಿಯಾಗಿತ್ತು. ಆದರೆ ಕಾಕು ಅಷ್ಟು ದೂರ ಬಂದದ್ದು ಈ ಮಂದಿರಕ್ಕಾಗಿಯೇ. ಮೂವತ್ತು ವರ್ಷ ಕಾಕುವಿನ ಗೆಳತಿಯಾಗಿದ್ದವರು ಲಿನ್‌ಳ ತಾಯಿ; ಹೋದ ವರ್ಷ ತೀರಿಕೊಂಡಿದ್ದರು. ಮನೆತನದ ಹಿರಿಯರ ಫಲಕಗಳ ಜೊತೆ ಅವರ ಹೆಸರು ಬರೆದ ಫಲಕವೂ ಒಳಗಿತ್ತು.

ಮರದ ಹೊಸ್ತಿಲೋ ಮೊಣಕಾಲೆತ್ತರ. ಕಾಕುವಿನ ಮಂಡಿ ಅಷ್ಟು ಮಡಚುವುದಿಲ್ಲ. ಮೇಲೆ ಕಾಲಿಟ್ಟು ದಾಟಿ, ಯಾರೂ ಏನೂ ಅನ್ನುವುದಿಲ್ಲ ಎಂದಳು ಲಿನ್.

“ಹೊಸ್ತಿಲಾ ತುಳದು ಆಕಿನ್ನ ನೋಡಾಕ ಹೋಗ್ಲೇನ? ನೀವಿಬ್ರೂ ಹೋಗಿ ಬರ್ರಿ, ನಾ ಇಲ್ಲೇ ಕೂಡತೀನಿ,” ಎಂದು ಕಾಕು ಹೊರಗಿನ ಕಟ್ಟೆಯ ಮೇಲೆ ಕೂತೇಬಿಟ್ಟರು.

ಮಂದಿರ ಕಾಯುವ ಅಜ್ಜ ಬಂದು ಏನಾಯಿತೆಂದು ಲಿನ್‌ಳನ್ನು ಕೇಳಿದ. ಕಾರಣ ತಿಳಿದದ್ದೇ ಬಗ್ಗಿ, ಹೊಸ್ತಿಲಿನ ಇಡೀ ಹಲಗೆಯನ್ನೇ ಚೌಕಟ್ಟಿನಲ್ಲಿ ಕೊರೆದ ಸಂದಿಯಿಂದ ಮೇಲಕ್ಕೆಳೆದು ಗೋಡೆಗೆ ಒರಗಿಸಿದ. ಬೇಕಾದಾಗ ತೆಗೆಯಲೆಂದೇ ಹಾಗೆ ಕೂರಿಸಿದ್ದಂತೆ.

“ನಮ್ಮ ಹಿರಿಯರೂ ತುಳಿಯುತ್ತಿರಲಿಲ್ಲ ಅಂತಿದ್ದಾರೆ ಅಜ್ಜ,” ಎಂದಳು ಲಿನ್, ತುಸು ನಾಚಿ.

ಕಾಕು ನಡೆದು ಒಳಗೆ ಹೋದರು. ಗೆಳತಿಯ ಹೆಸರಿನ ಮುಂದೆ ಊದುಬತ್ತಿ ಹಚ್ಚಿ ಬಹಳ ಹೊತ್ತು ನಿಂತರು.

ತಾವೇ ವೈದ್ಯೆಯಾಗಿದ್ದೂ ಮೂರು ವರ್ಷದಿಂದ ಮಂಡಿಯ ಆಪರೇಷನ್ ಮುಂದೂಡುತ್ತಿದ್ದವರು ಕಾಕು. “ಮುಂದಿನ ವರ್ಷ ಹೋದಾಗ್ಲೂ ಆ ಅಜ್ಜಾರ ಕಡೆ ಹಲಗಿ ಎತ್ತಿಸೂದು ಛಲೋ ಅಲ್ಲ ನೋಡು,” ಎನ್ನುತ್ತ, ಹ್ಯಾನೋವರಿಗೆ ಮರಳಿದ ವಾರವೇ ಆಸ್ಪತ್ರೆಗೆ ಫೋನ್ ಮಾಡಿ ದಿನ ಗೊತ್ತುಮಾಡಿಕೊಂಡರು.