ಚಾಡಿ ಹೇಳದ ಮಕ್ಕಳು

ಒಂದನೇ ಕ್ಲಾಸಿನ ಮಿಸ್ಸಿಗೆ ಮಕ್ಕಳು ಇಟ್ಟ ಹೆಸರು 'ಶ್‌ಶ್ ಮಿಸ್'. ಪಾಪ, ಹೆಂಗಸು ಕೆಟ್ಟವಳೇನಲ್ಲ. ಸಾಲಾಗಿ ನಿಲ್ಲಿಸೋದು, ಕೈ ತೊಳೆಸೋದು, ಚಪ್ಪಲಿ ಜೋಡಿಸಿ ಇಡಿಸೋದು, ಇದರಲ್ಲೇ ಅವಳ ಅರ್ಧ ಆಯಸ್ಸು ಸವೆದಿತ್ತು. ತಲೆ ಚಿಟ್ಟು ಹಿಡಿಸುತ್ತಿದ್ದದ್ದು ಒಂದೇ, ದೂರು. "ಮಿಸ್, ಇವನು ನನ್ನ ರಬ್ಬರ್ ಕಚ್ಚಿದ." "ಮಿಸ್, ಇವಳು ನನ್ನನ್ನೇ ನೋಡ್ತಾಳೆ." ನೋಡಿದರೆ ನೋಡಲಿ ಬಿಡೇ, ಕಣ್ಣಿರೋದು ಮತ್ಯಾತಕ್ಕೆ?

ಕೊನೆಗೆ ಒಂದು ನಿಯಮ ಮಾಡಿದಳು. ಚಾಡಿ ಹೇಳಿದವರು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ನಾಲ್ಕೈದು ಮಂದಿ ನಿಂತರು, ಅತ್ತರು, ಆಮೇಲೆ ಕ್ಲಾಸು ತಣ್ಣಗಾಯಿತು. ಹೆಡ್‌ಮಿಸ್ ಬೇರೆ ಟೀಚರುಗಳನ್ನು ಬಾಗಿಲಿಗೆ ಕರೆತಂದು, "ನೋಡಿ, ಶಿಸ್ತು ಅಂದ್ರೆ ಇದು" ಅಂದರು. ನಮ್ಮ ಮಿಸ್ ಉಬ್ಬಿಹೋದಳು. ಉಬ್ಬದೆ ಇರ್ತಾಳಾ?

ಒಂದು ಮಧ್ಯಾಹ್ನ ಆಟ ಮುಗಿದ ಮೇಲೆ ಮೂಲೆ ಬೆಂಚಿನ ಪುಟ್ಟಿ ಮೈದಾನದಾಚೆಯ ಟಾಯ್ಲೆಟ್ಟಿಗೆ ಹೋಯಿತು. ಯಾವುದೋ ತುಂಟ ಕೂಸು ತಮಾಷೆಗೆ ಹೊರಗಿನಿಂದ ಚಿಲಕ ಹಾಕಿ ಓಡಿಬಂತು. ಇಡೀ ಕ್ಲಾಸಿಗೆ ಗೊತ್ತಿತ್ತು, ಯಾರೂ ತುಟಿಪಿಟಕ್ ಅನ್ನಲಿಲ್ಲ. ಮಿಸ್ ಆ ನಿಶ್ಶಬ್ದದ ಸುಖದಲ್ಲಿ ಅಕ್ಷರ ತಿದ್ದಿಸುತ್ತ ಇದ್ದಳೇ ಹೊರತು ಮೂಲೆಯ ಖಾಲಿ ಜಾಗ ನೋಡಲಿಲ್ಲ. ಶಾಲೆ ಬಿಡುವ ಹೊತ್ತಿಗೆ ನೆಲ ತೊಳೆಯಲು ಹೋದ ಆಯಾ ಚಿಲಕ ತೆಗೆದಳು. ಮಗುವಿಗೆ ಅತ್ತು ಅತ್ತು ಗಂಟಲು ಕಟ್ಟಿತ್ತು. ಬಾಗಿಲು ಬಡಿದು ಬಡಿದು ಕೈ ಊದಿಕೊಂಡಿತ್ತು.

"ಯಾಕ್ರೋ ಯಾರೂ ಹೇಳಲಿಲ್ಲ?" ಮಿಸ್ ಕ್ಲಾಸಿನ ಕಡೆ ತಿರುಗಿ ಕೇಳಿದಳು.

"ಹೇಳಿದ್ರೆ ಚಾಡಿ ಆಗುತ್ತಲ್ಲ ಮಿಸ್," ಅಂತು ಮುಂದಿನ ಬೆಂಚಿನ ಒಂದು ಕೂಸು.

ಭೂಮಿ ಬಾಯಿಬಿಟ್ಟಿದ್ದರೆ ಅಲ್ಲೇ ಇಳಿದುಬಿಡುತ್ತಿದ್ದಳು. ಆದರೆ ಗೇಟಿನಲ್ಲಿ ಪುಟ್ಟಿಯ ಅಜ್ಜಿ ಕಾಯುತ್ತಿದ್ದರು, ಪಕ್ಕದಲ್ಲೇ ಹೆಡ್‌ಮಿಸ್ ಬೇರೆ. ಮಿಸ್ಸಿನ ಬಾಯಿಂದ ಬಂದದ್ದು ಇಷ್ಟು: "ಈಗ ತಾನೇ ಹೋಗಿದ್ಲು ಅಜ್ಜಿ, ಚಿಲಕ ಸಿಕ್ಕಿಕೊಂಡಿತು. ತಕ್ಷಣ ತೆಗೆದ್ವಿ." ಮಗು ತಲೆ ಎತ್ತಿ ಅವಳ ಮುಖವನ್ನೇ ನೋಡಿತು. ಅಜ್ಜಿ "ಹೂಂ" ಅಂದು ಚೀಲ ಎತ್ತಿಕೊಂಡರು.

ಮರುದಿನ ಮಿಸ್ ಕ್ಲಾಸಿಗೆ ಬಂದವಳೇ, "ಇನ್ಮೇಲೆ ಯಾರಿಗೆ ಏನಾದ್ರೂ ನನಗೆ ಬಂದು ಹೇಳಿ, ಯಾರನ್ನೂ ನಿಲ್ಲಿಸಲ್ಲ" ಅಂದಳು. ಮಕ್ಕಳು ಮಿಕಿಮಿಕಿ ನೋಡಿದವು. ಒಂದಾದರೂ ನಂಬಿದ ಹಾಗೆ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಪುಟ್ಟಿ ಮೇಜಿನ ಹತ್ತಿರ ಬಂದು ಪಿಸುಗುಟ್ಟಿತು: "ಮಿಸ್, ನೀವು ಸುಳ್ಳು ಹೇಳಿದ್ದು ಅಜ್ಜಿಗೆ ನಾನು ಹೇಳಿಲ್ಲ."

ಹೇಳಿ, ಜಾಣೆ ಅನ್ನಿಸಿಕೊಳ್ಳಲು ಕಾದು ನಿಂತಿತು. ಮಿಸ್ಸಿಗೆ ಆ ಮಾತು ಬಾಯಿಗೆ ಬರಲಿಲ್ಲ. ನಾಚಿಕೆಯಿಂದ ಆ ಗೇಣುದ್ದದ ಮಗುವಿನ ಮುಖ ನೋಡುವ ಧೈರ್ಯ ಸಾಲಲಿಲ್ಲ.

ಸಂಜೆ ತಾನೇ ಗೇಟಿಗೆ ಹೋದಳು. "ಅಜ್ಜಿ, ನಿನ್ನೆ ನಾನು ಹೇಳಿದ್ದು ಸುಳ್ಳು. ಮಗು ಮಧ್ಯಾಹ್ನದಿಂದ ಒಳಗೇ ಇತ್ತು. ನಾನು ನೋಡಲೇ ಇಲ್ಲ."

"ಕೈ ನೋಡಿದಾಗಲೇ ಗೊತ್ತಾಯ್ತು ಕಣಮ್ಮ," ಅಜ್ಜಿ ದನಿ ಏರಿಸಲಿಲ್ಲ. "ಗದರಿಸಿ ಕೇಳಿದೆ, ಮುದ್ದು ಮಾಡಿ ಕೇಳಿದೆ, ಬಾಯಿ ಬಿಡಲಿಲ್ಲ. ನಾಳೆ ಯಾರಾದ್ರೂ ಇದಕ್ಕೆ ಏನಾದ್ರೂ ಮಾಡಿದ್ರೆ, ಇದು ನನಗೆ ಹೇಳುತ್ತಾ?"

ಅಜ್ಜಿ ಮೊಮ್ಮಗಳ ರಟ್ಟೆ ಹಿಡಿದು ರಸ್ತೆ ದಾಟಿಸಿದರು.